ಪದಚರ್ಚೆ: ಬ್ರೇಕಿನ ‘ಡಿಸ್ಟ್ರಿಬ್ಯೂಷನ್ ಬ್ಲಾಕ್’ ಕವಲುಗಟ್ಟಿಯೋ, ತಕ್ಕಡಿಗಟ್ಟಿಯೋ?

ಎಲ್ಲರಿಗೂ ಶರಣು.

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನಮ್ಮಣ್ಣನ ಗ್ಯಾರೇಜು ಇದೆ. ಹಳೆಯ ಗಾಡಿಗಳ ಕೆಲಸವೇ ಅಲ್ಲಿ ಹೆಚ್ಚು. ಅಂಬಾಸಡರ್, ಪದ್ಮಿನಿ, ಜೀಪು ಬರುತ್ತವೆ. ವರ್ಷಕ್ಕೊಂದೋ ಎರಡೋ ವಿಲಾಯತಿ ಕಾರು ಹೈದರಾಬಾದ್ ಕಡೆಯಿಂದ ಬರುತ್ತದೆ. ಕೆಲಸ ಕಲಿಯುವ ಹುಡುಗರಿಗೆಂದು ಬ್ರೇಕಿನ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಡಿಸ್ಟ್ರಿಬ್ಯೂಷನ್ ಬ್ಲಾಕ್’ ಮತ್ತು ‘ವಾಲ್ವ್’ ಎಂಬ ಎರಡು ಮಾತುಗಳ ಹತ್ತಿರ ಬಂದು ಕೈ ನಿಂತಿದೆ. ಪದ ಸಿಗದೆ ನಿಂತದ್ದಲ್ಲ, ಪದ ತಪ್ಪಿ ಒಂದು ಸಾಮಾನು ಮುರಿದದ್ದಕ್ಕೆ ನಿಂತದ್ದು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಅಂಬಾಸಡರ್‌ನಲ್ಲಿ ಪೆಡಲ್ ತುಳಿದಾಗ ಬ್ರೇಕ್ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಬಂದ ಒಂದು ಕೊಳವೆ ಹಿತ್ತಾಳೆಯ ಒಂದು ಸಣ್ಣ ಗಟ್ಟಿಗೆ (ಇದೇ ಡಿಸ್ಟ್ರಿಬ್ಯೂಷನ್ ಬ್ಲಾಕ್) ಸೇರಿ, ಅಲ್ಲಿಂದ ಗಾಲಿಗಳ ಕಡೆಗೆ ಒಡೆದು ಹೋಗುತ್ತದೆ. ಅದೇ ಗಟ್ಟಿಯ ಮೇಲೆ ಬ್ರೇಕ್ ಲೈಟಿನ ಸ್ವಿಚ್ಚು ಕೂತಿರುತ್ತದೆ. ಒಳಗೆ ಏನೂ ಇಲ್ಲ, ಬರೀ ತೂತು. ನಮ್ಮ ಗ್ಯಾರೇಜಿನಲ್ಲಿ ಅದಕ್ಕೆ ‘ಟೀ’ ಅನ್ನುತ್ತಾರೆ, ಬಾಯಿ ಮೂರಿರಲಿ ನಾಲ್ಕಿರಲಿ. ನನ್ನ ಕರಡಿನಲ್ಲೂ ಹಾಗೇ ಬರೆದಿದ್ದೆ: “ಟೀ ಬಿಚ್ಚಿ, ಸ್ಪಿರಿಟಿನಲ್ಲಿ ತೊಳೆದು, ಗಾಳಿ ಹೊಡೆದು, ಮತ್ತೆ ಕಟ್ಟಬೇಕು.”

ಆಮೇಲೆ ಎಪ್ಪತ್ತರ ದಶಕದ ಒಂದು ಟ್ರಯಂಫ್, ಬ್ರಿಟನ್ನಿನ ಕಾರು, ಬಂತು. ಅದರದು ಎರಡು ಸರ್ಕ್ಯೂಟಿನ ಬ್ರೇಕು, ಅಂದರೆ ದ್ರವದ ದಾರಿ ಎರಡು, ಮುಂದಿನ ಗಾಲಿಗಳದು ಒಂದು, ಹಿಂದಿನವುಗಳದು ಇನ್ನೊಂದು. ಅದರಲ್ಲೂ ನೋಡಲಿಕ್ಕೆ ಅಂಥದೇ ಒಂದು ಹಿತ್ತಾಳೆ ಗಟ್ಟಿ, ಮೇಲೆ ಅಂಥದೇ ಒಂದು ಸ್ವಿಚ್ಚು. ಆದರೆ ಒಳಗೆ ಕಿರುಬೆರಳಿನ ಗಾತ್ರದ ಒಂದು ಪಿಸ್ಟನ್ ಇರುತ್ತದೆ. ಅದರ ಎರಡೂ ತುದಿಗೆ ರಬ್ಬರ್ ಸೀಲು, ನಡುವೆ ಸುತ್ತ ಕೊರೆದ ಒಂದು ತೋಡು. ಸ್ವಿಚ್ಚಿನ ಪ್ಲಾಸ್ಟಿಕ್ ಮೊಳೆ ಆ ತೋಡಿನೊಳಗೆ ಇಳಿದಿರುತ್ತದೆ. ಅಣ್ಣನ ಮಗ ನನ್ನ ಕರಡು ಎದುರಿಗಿಟ್ಟುಕೊಂಡೇ ಕೂತಿದ್ದ. ಟೀ ಅಂದರೆ ಟೀ, ಸ್ವಿಚ್ಚು ಅದರ ಪಾಡಿಗೆ ಇರಲಿ ಎಂದುಕೊಂಡು ತುದಿಯ ಬಿರಡೆ ತಿರುವಿ, ಪಿಸ್ಟನ್ನಿಗೆ ಮರದ ಕಡ್ಡಿ ಇಟ್ಟು ಬಡಿದ. ಟಪ್ ಅಂತ ಸಪ್ಪಳ ಬಂತು. “ಕಾಕಾ, ಒಳಗ ಏನೋ ಮುರದದ ನೋಡ್ರಿ” ಅಂದ. ಮೊಳೆ ಕತ್ತರಿಸಿ ಹೋಗಿತ್ತು. ಬೇರೆ ಸ್ವಿಚ್ಚು ತರಿಸಲಿಕ್ಕೆ ತಿಂಗಳ ಮೇಲಾಯಿತು, ಅಷ್ಟು ದಿನ ಕಾರು ಮೂಲೆಯಲ್ಲಿ ನಿಂತಿತ್ತು.

ಹುಡುಗನದು ತಪ್ಪಿಲ್ಲ. ಎರಡು ಬೇರೆ ವಸ್ತುಗಳಿಗೆ ನಾನು ಒಂದೇ ಹೆಸರು ಬರೆದಿದ್ದೆ. ಇಂಗ್ಲಿಷಿನವರೂ ಎರಡಕ್ಕೂ ಡಿಸ್ಟ್ರಿಬ್ಯೂಷನ್ ಬ್ಲಾಕ್ ಅನ್ನುವುದುಂಟು ನಿಜ, ಆದರೆ ಅವರ ಸಡಿಲುತನವನ್ನು ನಾವು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು?

ಈಗ ಮೊದಲನೆಯ ಗಟ್ಟಿಯ ವಿಚಾರ. ಥಟ್ಟನೆ ಹೊಳೆಯುವುದು ‘ಹಂಚಿಕೆ ಗಟ್ಟಿ’. ನನಗೆ ಅದು ಒಪ್ಪಿಗೆಯಿಲ್ಲ. ಹಂಚುವುದು ಅಂದರೆ ಪಾಲು ಮಾಡುವುದು, ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಕಾಲು ಭಾಗ. ಆದರೆ ಮುಚ್ಚಿದ ಕೊಳವೆಯೊಳಗಿನ ಒತ್ತಡ ಹಾಗೆ ಪಾಲಾಗುವುದಿಲ್ಲ. 17ನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ ನಿಯಮವೇ ಅದು. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ 500 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡು ಎಂದು) ಎದ್ದರೆ ನಾಲ್ಕೂ ಗಾಲಿಗೆ ಐನೂರೇ ಮುಟ್ಟುತ್ತದೆ, ತಲಾ 125 ಅಲ್ಲ. ‘ಹಂಚಿಕೆ’ ಎಂದು ಓದಿದ ಹುಡುಗ ಈ ಗಟ್ಟಿ ಒತ್ತಡವನ್ನು ಭಾಗ ಮಾಡುತ್ತದೆ ಎಂದು ತಿಳಿದರೆ ಅವನನ್ನು ತಿದ್ದುವುದು ಕಷ್ಟ. ಅಲ್ಲದೆ ನಮ್ಮ ಕಡೆ ಹಂಚು ಅಂದರೆ ರೊಟ್ಟಿ ಬೇಯಿಸುವ ಹಂಚು, ಮಾಡಿನ ಹಂಚು. ‘ಹಂಚುಗಟ್ಟಿ’ ಎಂದು ಕಿರಿದು ಮಾಡಿದರೆ ಇನ್ನೂ ಗೊಂದಲ. ‘ಕವಲು’ ಇದಕ್ಕೆ ಚೆನ್ನಾಗಿ ಕೂಡುತ್ತದೆ. ದಾರಿ ಕವಲೊಡೆಯುತ್ತದೆ, ಕಾಲುವೆ ಕವಲೊಡೆಯುತ್ತದೆ, ಆ ಮಾತಿನಲ್ಲಿ ಪಾಲಿನ ಲೆಕ್ಕ ಇಲ್ಲ. ಹಿತ್ತಾಳೆಯದಾದ್ದರಿಂದ ಚಿನ್ನದ ಗಟ್ಟಿಯ ಹಾಗೆ ‘ಗಟ್ಟಿ’ ಇರಲಿ. ಹೀಗೆ ‘ಕವಲುಗಟ್ಟಿ’ ಎಂದು ಬರೆದಿದ್ದೇನೆ.

ವಾಲ್ವ್ ಮಾತು ಇನ್ನೂ ಸ್ವಾರಸ್ಯದ್ದು. ಬರಹದಲ್ಲಿ ನಮಗೆ ‘ಕವಾಟ’ ಸಿದ್ಧವಾಗಿದೆ, ಹೃದಯದ ಕವಾಟ ಎಂದು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಸಂಸ್ಕೃತದಲ್ಲಿ ಕಪಾಟ, ಕವಾಟ ಎರಡೂ ರೂಪ ಇವೆ, ಅರ್ಥ ಬಾಗಿಲ ಕದ. ಇಂಗ್ಲಿಷಿನ ವಾಲ್ವ್ ಹುಟ್ಟಿದ್ದು ಲ್ಯಾಟಿನ್ನಿನ ‘ವಾಲ್ವಾ’ದಿಂದ, ಅದಕ್ಕೂ ಮಡಚುವ ಬಾಗಿಲ ಕದ ಎಂದೇ ಅರ್ಥ. ಎಲ್ಲಿಯ ರೋಮು, ಎಲ್ಲಿಯ ನಮ್ಮ ಕವಾಟ, ಎರಡು ಭಾಷೆಯವರೂ ಒಂದೇ ಕದವನ್ನು ನೋಡಿ ಹೆಸರಿಟ್ಟಿದ್ದಾರೆ! ಇದು ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು. ಆದರೆ ಗ್ಯಾರೇಜಿನಲ್ಲಿ ‘ಕವಾಟ’ ಅಂದಾಗ ಹುಡುಗರಿಗೆ ಕೇಳಿಸಿದ್ದು ಬಟ್ಟೆ ಇಡುವ ಕಪಾಟು. ಅದೂ ಅದೇ ಬಳಗದ ಮಾತು, ತಪ್ಪು ಕೇಳಿಸಿಕೊಂಡರೂ ಬೇರಿಗೇ ಮುಟ್ಟಿದ್ದರು. ‘ತೂಬು’ ಅಂದು ನೋಡಿದೆ, ಅದು ಕೆರೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ಬಾಯಲ್ಲಿರುವ ಮಾತು ‘ವಾಲ್’. ಸೈಕಲ್ಲಿನ ವಾಲ್, ನಳದ ವಾಲ್, ಎಂಜಿನ್ನಿನ ವಾಲ್. ಅದನ್ನೇ ‘ವಾಲು’ ಎಂದು ಉಳಿಸಿಕೊಂಡು, ಯಾವ ವಾಲು ಎಂಬುದಕ್ಕೆ ಮಾತ್ರ ಕನ್ನಡದ ಗುರುತು ಹಚ್ಚುವುದು ಸರಿ ಎಂದು ನನ್ನ ಅಭಿಪ್ರಾಯ.

ಏಕೆಂದರೆ ಬ್ರೇಕಿನ ಸಾಲಿನಲ್ಲಿ ವಾಲು ಒಂದೇ ಥರದ್ದಲ್ಲ. ಡ್ರಮ್ ಬ್ರೇಕಿನ ಹಳೆಯ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ಒಂದು ಕೂತಿರುತ್ತದೆ. ಪೆಡಲ್ ಬಿಟ್ಟ ಮೇಲೂ ಕೊಳವೆಯಲ್ಲಿ ಸುಮಾರು 10 ಪಿಎಸ್‌ಐ ಉಳಿಸಿ, ಗಾಲಿಯ ಸಿಲಿಂಡರಿನ ರಬ್ಬರ್ ಕಪ್ (ಬಟ್ಟಲಿನಂಥ ಸೀಲು) ಸಡಿಲಾಗದಂತೆ ನೋಡಿಕೊಳ್ಳುತ್ತದೆ. ಅದಕ್ಕೆ ‘ಉಳಿಕೆ ವಾಲು’ ಸಾಕು. ಇನ್ನೊಂದು ಹಿಂದಿನ ಗಾಲಿಗಳ ದಾರಿಯಲ್ಲಿರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬಾಗಿ, ಹಿಂದಿನ ಗಾಲಿ ಹಗುರಾಗಿ ಬೇಗ ಜಾಮಾಗುತ್ತವೆ, ಹಿಂಭಾಗ ತಿರುಗುತ್ತದೆ. ಅದಕ್ಕೆಂದೇ ಒಂದು ಮಟ್ಟ ದಾಟಿದ ಮೇಲೆ ಹಿಂದಿನ ಒತ್ತಡ ಮುಂದಿನದರಷ್ಟು ಏರದಂತೆ ಈ ವಾಲು ಹಿಡಿಯುತ್ತದೆ. ನೋಡಿ, ‘ಹಂಚಿಕೆ’ ಎಂಬ ಮಾತಿಗೆ ನಿಜವಾದ ಹಕ್ಕುದಾರ ಇದು. ಆದರೂ ಮೊದಲಿನ ಗಟ್ಟಿಯ ಜೊತೆ ಕಲೆಯದಿರಲಿ ಎಂದು ‘ಹಿಂಗಾಲಿಯ ಮಿತಿವಾಲು’ ಎಂದಿದ್ದೇನೆ.

ಇನ್ನು ಆ ಟ್ರಯಂಫ್ ಗಟ್ಟಿ. ಅದರ ಕೆಲಸ ಎಚ್ಚರಿಕೆ ಕೊಡುವುದು. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಸರ್ಕ್ಯೂಟು ಕಡ್ಡಾಯವಾಯಿತು. ಒಂದು ಕಡೆ ಕೊಳವೆ ಒಡೆದರೂ ಇನ್ನೊಂದು ಕಡೆಯ ಬ್ರೇಕು ಉಳಿಯಲಿ ಎಂಬುದು ಆಶಯ. ಒಡೆದದ್ದು ಚಾಲಕನಿಗೆ ಗೊತ್ತಾಗಬೇಕಲ್ಲ? ಎರಡೂ ಕಡೆ ಒತ್ತಡ ಸಮ ಇರುವತನಕ ಪಿಸ್ಟನ್ ನಡುವೆ ನಿಂತಿರುತ್ತದೆ. ಒಂದು ಕಡೆ ಒತ್ತಡ ಬಿದ್ದರೆ ಆ ಕಡೆಗೆ ಸರಿಯುತ್ತದೆ. ಆಗ ತೋಡಿನ ಇಳಿಜಾರು ಸ್ವಿಚ್ಚಿನ ಮೊಳೆಯನ್ನು ಮೇಲಕ್ಕೆತ್ತಿ, ಎದುರಿನ ಫಲಕದಲ್ಲಿ ಕೆಂಪು ದೀಪ ಹತ್ತುತ್ತದೆ.

ಈ ಪಿಸ್ಟನ್ನಿಗೆ ಇಂಗ್ಲಿಷಿನಲ್ಲಿ ‘ಷಟಲ್’ ಅನ್ನುತ್ತಾರೆ, ಅಂದರೆ ಮಗ್ಗದ ಲಾಳಿ. ನಮ್ಮ ಅವ್ವನ ತವರು ಸುರಪುರದ ಕಡೆ, ಮಗ್ಗದ ಮನೆ. ಲಾಳಿ ಎಂಬ ಮಾತು ಕಣ್ಣಿಗೆ ಬಿದ್ದ ಕೂಡಲೆ ಇದೇ ಇರಲಿ ಅನ್ನಿಸಿತು. ಆಮೇಲೆ ಯೋಚನೆಗೆ ಹತ್ತಿದೆ. ಮಗ್ಗದಲ್ಲಿ ಲಾಳಿ ಆ ತುದಿಯಿಂದ ಈ ತುದಿಗೆ ಓಡುತ್ತಲೇ ಇರಬೇಕು, ನಡುವೆ ಸಿಕ್ಕಿ ನಿಂತರೆ ನೂಲು ಹರಿಯುತ್ತದೆ. ಬ್ರೇಕಿನಲ್ಲಿ ಪೂರಾ ತಿರುಗುಮುರುಗು, ಲಾಳಿ ನಡುವೆ ನಿಂತಿದ್ದರೆ ಕ್ಷೇಮ, ತುದಿಗೆ ಹೋದರೆ ಕೇಡು. ರೂಪ ಹೊಂದುತ್ತದೆ, ನಡತೆ ಹೊಂದುವುದಿಲ್ಲ. ‘ಲಾಳಿಕೆ’ ಎಂದು ಎಣ್ಣೆ ಸುರಿಯುವ ಆಲಿಕೆಗೂ ಕೆಲವು ಕಡೆ ಹೇಳುತ್ತಾರೆ, ಅದೂ ಒಂದು ತೊಡಕು.

ಇದಕ್ಕೆ ದಾರಿ ತೋರಿಸಿದವನು ಮೊಳೆ ಮುರಿದ ಹುಡುಗನೇ. ಹೊಸ ಸ್ವಿಚ್ಚು ಬಂದ ದಿನ ಗಟ್ಟಿಯನ್ನು ಮತ್ತೆ ಬಿಚ್ಚಿದೆವು. ಈ ಸಲ ಸ್ವಿಚ್ಚಿನ ಜಾಗದಿಂದಲೇ ಶುರು. ತುದಿಯ ಬಿರಡೆ ಬಿಚ್ಚಿ, ಬಾಯಿಗೆ ಬಟ್ಟೆ ಹಿಡಿದು ಮೆಲ್ಲಗೆ ಗಾಳಿ ಬಿಟ್ಟಾಗ ಪಿಸ್ಟನ್ ಬಟ್ಟೆಗೆ ಬಂದು ಬಿತ್ತು. ಸೀಲಿನ ಸುತ್ತ ಹಸಿರು ಕಿಲುಬು ಹೆಪ್ಪುಗಟ್ಟಿತ್ತು. ಹುಡುಗ ಹಿತ್ತಾಳೆ ಕೊಡ ಬೆಳಗುವವರ ಹಾಗೆ ಹುಣಸೆಹಣ್ಣು ತರಲೇ ಎಂದ, ಬೇಡ ಎಂದೆ. ತೂತಿನ ಒಳಮೈ ಕನ್ನಡಿಯಂತೆ ಇರಬೇಕು. ಸ್ಪಿರಿಟು, ನಾರು ಬಿಡದ ಬಟ್ಟೆ, ಅಷ್ಟೇ. ಒಳಮೈ ಚುಕ್ಕೆ ಚುಕ್ಕೆಯಾಗಿ ತಿಂದುಹೋಗಿದ್ದರೆ ಗಟ್ಟಿಯನ್ನೇ ಬದಲಿಸಬೇಕು, ಉಜ್ಜಿ ಸರಿಮಾಡಲು ಹೋಗಬಾರದು. ನಮ್ಮದು ಚೊಕ್ಕ ಇತ್ತು. ಹೊಸ ಸೀಲುಗಳನ್ನು ಹೊಸ ಬ್ರೇಕ್ ದ್ರವದಲ್ಲಿ ಅದ್ದಿ ಏರಿಸಿ, ಬಿರಡೆಗೆ ಹೊಸ ತಾಮ್ರದ ವಾಷರ್ ಹಾಕಿದೆವು. ಮುಂದಿನ ಗಾಲಿಯ ಏರ್, ಅಂದರೆ ಕೊಳವೆಯಲ್ಲಿ ಸಿಕ್ಕ ಗಾಳಿ, ತೆಗೆಯುವಾಗ ಕೆಂಪು ದೀಪ ಹತ್ತಿ ಹಾಗೇ ನಿಂತಿತು. ಹಿಂದಿನ ಗಾಲಿಯ ನಿಪ್ಪಲ್ (ಗಾಳಿ ಬಿಡುವ ತಿರುಪು) ಸಡಿಲಿಸಿ, ಪೆಡಲನ್ನು ನಿಧಾನ ತುಳಿಯಲು ಹೇಳಿದೆ. ದೀಪ ಆರಿದ ಕ್ಷಣವೇ ನಿಪ್ಪಲ್ ಬಿಗಿ ಮಾಡಿಸಿದೆ. ಆಗ ಅವನು ಅಂದ ಮಾತು: “ಕಾಕಾ, ಇದು ಗಂಜಿನ್ಯಾಗಿನ ತಕ್ಕಡಿ ಮುಳ್ಳು ಇದ್ದಂಗ ಅದ. ಎರಡೂ ಕಡಿ ಸಮ ಇದ್ರ ನಡುವ ನಿಂದರ್ತದ.”

ಅವರಪ್ಪನ ಜೊತೆ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ತೊಗರಿ ಚೀಲ ಹಾಕಲು ಹೋಗಿ ನೋಡಿದ ಹುಡುಗ ಅವನು. ನಾನು ಪದಕೋಶ ತಿರುವುತ್ತ ಕೂತಿದ್ದಕ್ಕೆ ಉತ್ತರ ಅಲ್ಲಿತ್ತು. ಹಾಗಾಗಿ ಒಳಗೆ ಪಿಸ್ಟನ್ ಇರುವ ಗಟ್ಟಿಗೆ ‘ತಕ್ಕಡಿಗಟ್ಟಿ’, ಆ ಪಿಸ್ಟನ್ನಿಗೆ ‘ತಕ್ಕಡಿ ಮುಳ್ಳು’ ಎಂದು ಇಡಬೇಕೆಂದಿದ್ದೇನೆ. ತಕ್ಕಡಿ ಎಂದು ಓದಿದವನು ಒಳಗೆ ಅಲ್ಲಾಡುವುದೇನೋ ಇದೆ ಎಂದು ತಿಳಿದೇ ಕೈ ಹಾಕುತ್ತಾನೆ.

‘ರೀಬಿಲ್ಡ್’ಗೆ ನನಗೆ ಹೆಚ್ಚು ಚಿಂತೆಯಿಲ್ಲ. ಪುನರ್ನಿರ್ಮಾಣ ಸೇತುವೆಗೆ, ಜೀರ್ಣೋದ್ಧಾರ ಗುಡಿಗೆ. ಮರಮ್ಮತ್ ಅಂದರೆ ಕೆಟ್ಟದ್ದಷ್ಟನ್ನು ಸರಿ ಮಾಡುವುದು. ನಮ್ಮಲ್ಲಿ ಎಂಜಿನ್ನಿಗೆ ‘ಬಿಚ್ಚಿ ಕಟ್ಟೋದು’ ಅನ್ನುತ್ತಾರೆ, ಅದನ್ನೇ ಇಟ್ಟಿದ್ದೇನೆ.

ಜೊತೆಗೆ ಇನ್ನೊಂದು ಮಾತು ಮನಸ್ಸಿಗೆ ಚುಚ್ಚುತ್ತಿದೆ: ‘ಬ್ರೇಕ್ ಆಯಿಲ್’. ನಾವು ಬಳಸುವ ಡಾಟ್ 3, ಡಾಟ್ 4 ದರ್ಜೆಯದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವ ಹೀರುವಂಥದು. ಆಯಿಲ್ ಅಂದ ಮೇಲೆ ಎಂಜಿನ್ ಆಯಿಲ್ ಹಾಕಿದರೇನು, ಸೀಮೆಎಣ್ಣೆಯಲ್ಲಿ ತೊಳೆದರೇನು ಎಂದು ಹೊಸಬರು ಕೇಳುತ್ತಾರೆ. ಹಾಗೆ ಮಾಡಿದರೆ ರಬ್ಬರ್ ಕಪ್ ಉಬ್ಬಿ ಮೆತ್ತಗಾಗಿ ಬ್ರೇಕೇ ಹೋಗುತ್ತದೆ. ಕೈಪಿಡಿಯ ತುಂಬ ‘ಬ್ರೇಕ್ ದ್ರವ’ ಎಂದೇ ಬರೆದಿದ್ದೇನೆ, ಆದರೆ ಬಾಯಲ್ಲಿ ನಿಲ್ಲುವ ಮಾತು ಅದಲ್ಲ ಎಂಬ ಅಳುಕಿದೆ. ‘ನೀರು’ ಅನ್ನುವ ಹಾಗಿಲ್ಲ, ನೀರೇ ಅದರ ವೈರಿ. ‘ರಸ’ ಅಂದರೆ?

ಬೀದರ್, ಯಾದಗಿರಿ ಕಡೆಯ ಗ್ಯಾರೇಜುಗಳಲ್ಲಿ ಈ ಎರಡು ಗಟ್ಟಿಗಳಿಗೆ ಬೇರೆ ಬೇರೆ ಹೆಸರು ಕೇಳಿದವರು ಇದ್ದರೆ ದಯವಿಟ್ಟು ತಿಳಿಸಿ, ದಖನಿ ಮಾತಾದರೂ ಸರಿ. ನೇಕಾರಿಕೆ ಬಲ್ಲವರು ಲಾಳಿಯ ಬಗ್ಗೆ ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಬೇಕು. ಬ್ರೇಕಿಗೆ ‘ಬಿರಿ’ ಎಂಬ ಮಾತನ್ನು ಬರಹದಲ್ಲಿ ನೋಡಿದ್ದೇನೆ. ಅದನ್ನು ಇಂದಿಗೂ ಬಾಯಲ್ಲಿ ಆಡುವವರು ಯಾವ ಕಡೆ ಇದ್ದಾರೆ? ನಿಮ್ಮ ಉತ್ತರ ಬಂದ ಮೇಲೆ ಆ ಅಧ್ಯಾಯವನ್ನು ಹುಡುಗರ ಕೈಗೆ ಕೊಡುತ್ತೇನೆ. ಅಲ್ಲಿಯತನಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಸಾಲು ಬರೆದಿಟ್ಟಿದ್ದೇನೆ: “ತಕ್ಕಡಿಗಟ್ಟಿ ಇದ್ದರೆ ಸ್ವಿಚ್ಚು ಮೊದಲು ಬಿಚ್ಚು.”