ಸೂರಿಲ್ಲದ ಇಬ್ಬರ ಪ್ರೇಮಕಥೆಯನ್ನು ಹುಬ್ಬಳ್ಳಿಯಲ್ಲಿ ಚಿತ್ರಿಸುವುದು ಹೇಗೆ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ನಟ ಪಾಲ್ ಬೆಟನಿ 2014ರಲ್ಲಿ ಮೊದಲ ಸಲ ನಿರ್ದೇಶಿಸಿದ ‘ಶೆಲ್ಟರ್’ ಚಿತ್ರವನ್ನು ಕಳೆದ ವಾರ ನೋಡಿದೆ. ನ್ಯೂಯಾರ್ಕಿನ ಬೀದಿಯಲ್ಲಿ ಬದುಕುವ ಮಾದಕವ್ಯಸನಿ ಹನ್ನಾ ಮತ್ತು ನೈಜೀರಿಯಾದಿಂದ ಬಂದು ಕಾಗದಪತ್ರಗಳಿಲ್ಲದೆ ಉಳಿದ ತಾಹಿರ್ ಒಬ್ಬರಿಗೊಬ್ಬರು ಆಸರೆಯಾಗುವ ಕಥೆಯದು. ಅಂದಿನಿಂದ ನಮ್ಮ ರೈಲು ನಿಲ್ದಾಣದ ಹೊರಗೆ ಮಲಗುವ ಇಬ್ಬರನ್ನು ಕುರಿತು, ಸಣ್ಣ ಬಂಡವಾಳದಲ್ಲಿ ಮುಗಿಸಬಹುದಾದ ಚಿತ್ರಕಥೆಯೊಂದನ್ನು ಬರೆಯುತ್ತಿದ್ದೇನೆ. ಆದರೆ ಬರೆದದ್ದು ಒಂದೋ ಗೋಳಿನ ಕಥೆಯಾಗುತ್ತದೆ, ಇಲ್ಲವೇ ಮಳೆ, ಬೆಳದಿಂಗಳು, ಹರಿದ ಕೌದಿ ಎಂದು ಕವಿತೆಯಾಗುತ್ತದೆ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಅವರಿಬ್ಬರೇ ನಡೆದುಹೋಗುವ ದೃಶ್ಯವನ್ನು ಕೊನೆಗೆ ಇಟ್ಟಿದ್ದೇನೆ. ತಿಳಿದವರು ಸಲಹೆ ನೀಡಬೇಕು.

ಉತ್ತರ (ಧಾರವಾಡ)

ಆ ಕೊನೆಯ ದೃಶ್ಯವನ್ನು ಮೊದಲು ತೆಗೆಯಿರಿ. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮು ಮತ್ತು ಮಲಗಲು ಜಾಗವಿಲ್ಲದವರು ಎಂಬ ವ್ಯಂಗ್ಯ ಪೋಸ್ಟರಿಗೆ ಸಾಕು, ಪಾತ್ರಗಳಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ನೀವು ನೋಡಿದ ಚಿತ್ರದಲ್ಲಿ ಕಳೆದುಹೋದ ತನ್ನ ಜಾಕೆಟ್ಟು ಅವಳ ಮೈಮೇಲಿರುವುದನ್ನು ಕಂಡು ತಾಹಿರ್ ಅವಳ ಹಿಂದೆ ಹೋಗುತ್ತಾನಲ್ಲ, ಪ್ರೀತಿ ಹುಟ್ಟುವುದು ಅಂಥ ಒಂದು ವಸ್ತುವಿನಿಂದ. ನಿಮ್ಮ ಇಬ್ಬರ ಬಳಿ ಇರುವ ವಸ್ತು ಯಾವುದೆಂದು ಮೊದಲು ತೀರ್ಮಾನಿಸಿ. ಇನ್ನೊಂದು ಮಾತು, ರೈಲ್ವೆ ಜಾಗದಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಕು, ಶುಲ್ಕವನ್ನೂ ಕಟ್ಟಬೇಕು. ಪ್ಯಾರಿಸ್ಸಿನ ಸೇತುವೆಯೊಂದರ ಮೇಲೆ ಬದುಕುವ ಪ್ರೇಮಿಗಳ ಕಥೆಯನ್ನು ತೆಗೆದ ಲಿಯೋಸ್ ಕರಾಕ್ಸ್, ಅನುಮತಿಯ ದಿನಗಳು ಕೈತಪ್ಪಿದಾಗ ದಕ್ಷಿಣ ಫ್ರಾನ್ಸಿನಲ್ಲಿ ಆ ಸೇತುವೆಯನ್ನೇ ಸೆಟ್ಟಾಗಿ ಕಟ್ಟಿಸಿದರು. ಚಿತ್ರ 1991ರಲ್ಲಿ ಬಂತು. ನಾವು ಹಾಗೆ ಕಟ್ಟಿಸುವವರಲ್ಲವಾದ್ದರಿಂದ, ದುರ್ಗದ ಬೈಲಿನಲ್ಲಿ ಅಂಗಡಿಗಳು ಮುಚ್ಚಿದ ಮೇಲಿನ ಹೊತ್ತನ್ನು ನೆಚ್ಚಿಕೊಂಡು ಬರೆಯುವುದು ಒಳ್ಳೆಯದು.

ಉತ್ತರ (ಹಳೇ ಹುಬ್ಬಳ್ಳಿ)

ನಾನು ಕೆಲವು ತಿಂಗಳು ರಾತ್ರಿ ಆಶ್ರಯ ಕೇಂದ್ರವೊಂದರಲ್ಲಿ ಸ್ವಯಂಸೇವಕನಾಗಿದ್ದೆ. ಲಕ್ಷ ಜನಸಂಖ್ಯೆಗೆ ಒಂದರಂತೆ ಇಂಥ ಕೇಂದ್ರಗಳಿರಬೇಕೆಂಬ ನಿಯಮವಿದೆ, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಎಂದೂ ಇದೆ. ಆದರೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಗಂಡ ಹೆಂಡತಿ ಎಂದು ತೋರಿಸಲು ಯಾವ ಕಾಗದವೂ ಇಲ್ಲದ ಇಬ್ಬರು ಒಳಗೆ ಬಂದರೆ ಬೇರೆಬೇರೆಯಾಗಿಯೇ ಮಲಗಬೇಕು. ಹೀಗಾಗಿ ನಾನು ಕಂಡ ಜೋಡಿ ಮಳೆಗಾಲದಲ್ಲಿಯೂ ಒಳಗೆ ಬರಲಿಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ವಾಹನ ಬಂದು ಒಬ್ಬರನ್ನು ಮಾತ್ರ ಒಯ್ದರೆ ಇನ್ನೊಬ್ಬರ ಗತಿಯೇನು ಎಂಬ ಭಯ ಬೇರೆ.

ವಸ್ತು ಎಂದರೆ ಅವರದೊಂದು ಗೊಬ್ಬರದ ಚೀಲ. ಸಿದ್ಧಾರೂಢ ಮಠದ ಪ್ರಸಾದಕ್ಕೆ ಒಬ್ಬರು ಹೋದಾಗ ಇನ್ನೊಬ್ಬರು ಹೊರಗೆ ಅದರ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದರು. ರಾತ್ರಿಯೂ ಪಾಳಿಯ ನಿದ್ದೆಯೇ. ಅವರು ಒಟ್ಟಿಗೆ ಕೂತು ಉಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು, ಸರ್. ಪ್ಲಾಟ್‌ಫಾರ್ಮಿನ ದೃಶ್ಯವನ್ನು ಕೈಬಿಟ್ಟೆ, ಚೀಲ ಉಳಿಯುತ್ತದೆ. ಅವರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಿದ್ದರು?

ಉತ್ತರ (ಹಳೇ ಹುಬ್ಬಳ್ಳಿ)

ಹೆಸರು ಹಿಡಿದು ಕರೆದದ್ದನ್ನು ಕೇಳಿಲ್ಲ. ಒಮ್ಮೆ ನಾನೇ, ಆತ ನಿಮಗೇನಾಗಬೇಕು ಎಂದು ವಿಚಾರಿಸಿದಾಗ ಆಕೆ ಚೀಲದಿಂದ ಕಣ್ಣು ಎತ್ತದೆ, “ನಮ್ಮ ಮನಿಯವರು ರೀ” ಎಂದಳು. ಈ ಮಾತನ್ನು ಬಳಸುವುದಾದರೆ ದಯವಿಟ್ಟು ಹಿನ್ನೆಲೆ ಸಂಗೀತ ಹಾಕಬೇಡಿ.