ಸೌರಮಾರುತದ ಒತ್ತಡ ಏರಿದಾಗ ಭೂಮಿಯ ಕಾಂತಕ್ಷೇತ್ರ ಜಾಸ್ತಿ ಆಗುವುದು ಯಾಕೆ?

ಕುತೂಹಲಿ:
ಸೂರ್ಯನಿಂದ ಹೊಮ್ಮುವ ಕಣಗಳ ಹರಿವು, ಅಂದರೆ ಸೌರಮಾರುತ, ಭೂಮಿಯ ಕಾಂತಕ್ಷೇತ್ರವನ್ನು ಜೋರಾಗಿ ಕಲಕುವ ಕಾಂತ ಬಿರುಗಾಳಿ ಬಂದರೆ ನೆಲದ ಮೇಲೆ ಕಾಂತಕ್ಷೇತ್ರ ಕಡಿಮೆಯಾಗುತ್ತದೆ ಅಂತ ಓದಿದ್ದೇನೆ. ಆದರೆ ಮೊನ್ನೆ ಒಂದು ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಸಾಧನ) ಗ್ರಾಫ್ ನೋಡಿದೆ. ಸೌರಮಾರುತದ ಒತ್ತಡ ಏರಿದ ಹೊತ್ತಿಗೆ ಗೆರೆ ಮೇಲಕ್ಕೆ ಜಿಗಿದಿತ್ತು, ಆಮೇಲೆ ಬಿರುಗಾಳಿ ಬರಲೇ ಇಲ್ಲ. ಇದು ಹೇಗೆ? ಇನ್ನೊಂದು ವಿಷಯ, ಒತ್ತಡ ಎರಡರಷ್ಟಾದರೆ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ಪ್ರದೇಶದ) ಗಡಿ ಅರ್ಧ ದೂರಕ್ಕೆ ಬಂದುಬಿಡುತ್ತದಾ?

ಧ್ರುವಪ್ರಭೆ:
ಅರ್ಧಕ್ಕೆ ಬರುವುದಿಲ್ಲ. ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಅದರ ಒತ್ತಡ ದೂರದ 6ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ಗಡಿ ಒಳಗೆ ಬಂದಷ್ಟೂ ಸೌರಮಾರುತಕ್ಕೆ ಎದುರಾಗುವ ತಡೆ ಸಿಕ್ಕಾಪಟ್ಟೆ ಜಾಸ್ತಿ. ಸಾಮಾನ್ಯವಾಗಿ ಸೌರಮಾರುತದ ಒತ್ತಡ 2 ನ್ಯಾನೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ, ಸೂರ್ಯನ ಕಡೆಯ ಗಡಿ ಭೂಮಿಯ ತ್ರಿಜ್ಯದ ಸುಮಾರು 10 ಪಟ್ಟು ದೂರದಲ್ಲಿರುತ್ತದೆ. ಒತ್ತಡ ಎರಡು ಪಟ್ಟಾದರೆ ಅದು 9ರ ಹತ್ತಿರ ಬರುತ್ತದೆ, ಅಷ್ಟೇ. ಅರ್ಧಕ್ಕೆ ತಳ್ಳಲು 64 ಪಟ್ಟು ಬೇಕು! ಭೂಸ್ಥಿರ ಉಪಗ್ರಹಗಳಿರುವ 6.6ಕ್ಕೆ ತರಲು ಬರೀ ಒತ್ತಡದಿಂದಲೇ ಆಗಬೇಕಾದರೆ ಸುಮಾರು 12 ಪಟ್ಟು.

ಗೆರೆ ಜಿಗಿದಿದ್ದಕ್ಕೆ ಕಾರಣ ಗಡಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ. ಗಡಿ ಒಳಕ್ಕೆ ಸರಿದಾಗ ಆ ಪ್ರವಾಹ ಬಲವಾಗುತ್ತದೆ, ಹತ್ತಿರಕ್ಕೂ ಬರುತ್ತದೆ. ಅದರ ಕ್ಷೇತ್ರ ಸಮಭಾಜಕದ ಆಸುಪಾಸಿನಲ್ಲಿ ಭೂಮಿಯ ಕ್ಷೇತ್ರಕ್ಕೆ ಕೂಡಿಕೊಳ್ಳುತ್ತದೆ, ಹಾಗಾಗಿ ಕೆಲವೇ ನಿಮಿಷಗಳಲ್ಲಿ ಹತ್ತಾರು ನ್ಯಾನೋಟೆಸ್ಲಾ ಏರಿಕೆ ಕಾಣಬಹುದು. ಬಿರುಗಾಳಿಯಲ್ಲಿ ಇಳಿಕೆ ತರುವುದು ಬೇರೆಯೇ ಪ್ರವಾಹ, ಭೂಮಿಯನ್ನು ಸುತ್ತುವ ಉಂಗುರ ಪ್ರವಾಹ. ಅದು ಬಲವಾಗಬೇಕಾದರೆ ಸೌರಮಾರುತದ ಜೊತೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿರಬೇಕು. ನೀವು ನೋಡಿದ ದಿನ ಬಹುಶಃ ಉತ್ತರಕ್ಕಿತ್ತು. ದಯವಿಟ್ಟು ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿ. ಒತ್ತಡ ಏರಿತು ಅಂದ ಕೂಡಲೇ ಬಿರುಗಾಳಿ ಅಂತ ಬರೆಯುವ ಸುದ್ದಿಗಳು ಸುಮ್ನೆ ಗೊಂದಲ ಮಾಡುತ್ತವೆ.

ನಭೋಯಾತ್ರಿ:
ಒತ್ತಡ ಬಿದ್ದಾಗಲೂ ನೋಡಬೇಕು. 1999ರ ಮೇ 11ರಂದು ಸೌರಮಾರುತ ಹೆಚ್ಚುಕಡಿಮೆ ಮಾಯವಾಗಿತ್ತು. ಸಾಮಾನ್ಯವಾಗಿ ಒಂದು ಘನ ಸೆಂಟಿಮೀಟರಿಗೆ 5ರಿಂದ 10 ಕಣ ಇರುವ ಕಡೆ ಒಂದಕ್ಕಿಂತಲೂ ತೀರಾ ಕಡಿಮೆ. ಕಾಂತಗೋಳ ಎಷ್ಟು ಉಬ್ಬಿತೆಂದರೆ ಅದರ ಮುಂದಿನ ಆಘಾತ ಅಲೆ (ಸೌರಮಾರುತ ಒಮ್ಮೆಲೇ ನಿಧಾನವಾಗುವ ಜಾಗ) ಚಂದ್ರನ ಕಕ್ಷೆಯ ಹತ್ತಿರದವರೆಗೂ ಸರಿದಿತ್ತು.

ಕುತೂಹಲಿ:
ಹಾಗಾದರೆ ಉತ್ತರ ದಿಕ್ಕಿದ್ದರೆ ಒತ್ತಡದಿಂದ ಏನೂ ತೊಂದರೆ ಇಲ್ಲ, ಅಲ್ವಾ?

ಧ್ರುವಪ್ರಭೆ:
ಹಾಗಲ್ಲ. ಗಡಿ ಒಳಗೆ ಬಂದರೆ ವಿಕಿರಣ ಪಟ್ಟಿಯ (ಭೂಮಿಯ ಸುತ್ತ ಶಕ್ತಿಶಾಲಿ ಕಣಗಳು ಸಿಕ್ಕಿಕೊಂಡಿರುವ ವಲಯದ) ಹೊರಭಾಗದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ದಾರಿ ಗಡಿಯನ್ನು ದಾಟಿಹೋಗುತ್ತದೆ, ಅವು ಆಚೆ ತಪ್ಪಿಸಿಕೊಳ್ಳುತ್ತವೆ. ಇದರ ಉಲ್ಟಾ ಕೂಡ ಆಗುತ್ತದೆ. 1991ರ ಮಾರ್ಚ್ 24ರಂದು ಸೌರಮಾರುತದಲ್ಲಿ ಬಂದ ಒಂದು ಬಲವಾದ ಆಘಾತ ಅಲೆ ಕಾಂತಗೋಳವನ್ನು ಒಮ್ಮೆಲೇ ಒತ್ತಿದಾಗ ಹುಟ್ಟಿದ ವಿದ್ಯುತ್ ಕ್ಷೇತ್ರ ಕಣಗಳನ್ನು ಒಳಕ್ಕೆ ದೂಡಿ, ನಿಮಿಷಗಳಲ್ಲೇ ಹೊಸದೊಂದು ವಿಕಿರಣ ಪಟ್ಟಿ ಕಟ್ಟಿಬಿಟ್ಟಿತು. ಆಗ ಅಲ್ಲೇ ಹಾರುತ್ತಿದ್ದ ಕ್ರೆಸ್ ಉಪಗ್ರಹ ಅದನ್ನು ದಾಖಲಿಸಿತು.