ಮಗಳು ದೊಡ್ಡವಳಾದಳು, ಆರತಿ ಬೇಡ ಅನ್ನುತ್ತಾಳೆ

ಹಾಸನದ ಅಮ್ಮ:
11 ವರ್ಷದ ಮಗಳು ಮೊನ್ನೆ ಮೈನೆರೆದಳು. ಐದು ದಿನ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಬೇಕು, ಆಮೇಲೆ ನೆಂಟರನ್ನೆಲ್ಲ ಕರೆದು ಆರತಿ ಮಾಡಬೇಕು ಅಂತ ಅತ್ತೆಯವರು ಹೇಳುತ್ತಿದ್ದಾರೆ. ಇವಳು "ಅಮ್ಮಾ, ಯಾರಿಗೂ ಹೇಳಬೇಡ" ಅಂತ ಸೆರಗು ಹಿಡಿದು ಅಳುತ್ತಾಳೆ. ನನ್ನನ್ನೂ ಹೀಗೇ ಕೂರಿಸಿದ್ದರು. ಆ ನಾಚಿಕೆ ಇನ್ನೂ ಹೋಗಿಲ್ಲ. ಅತ್ತೆಯವರ ಮನಸ್ಸು ನೋಯಿಸದೆ ಏನು ಮಾಡಲಿ?

ಅರಸೀಕೆರೆ ಅಕ್ಕ:
ಅವರಿಗೆ ಚಿಗಳಿ ಕೆಲಸ ಒಪ್ಪಿಸಿ. ಎಳ್ಳು, ಬೆಲ್ಲ, ನಮ್ಮೂರ ಕೊಬ್ಬರಿ. ಹಿರಿಯರು ಇದನ್ನು ಸುಮ್ನೆ ಕೊಡುತ್ತಿರಲಿಲ್ಲ, ಎಳ್ಳಲ್ಲಿ ಕಬ್ಬಿಣದ ಅಂಶ ಇದೆ, ರಕ್ತ ಹೋಗುವ ಮೈಗೆ ಅದು ಬೇಕು ಅಲ್ವಾ. ನಮ್ಮ ಮನೆಯಲ್ಲಿ ಅಜ್ಜಿ ಚಿಗಳಿ ಕುಟ್ಟುತ್ತಾ ಮೊಮ್ಮಗಳ ಹತ್ತಿರ ತಮ್ಮ ಕಾಲದ ಕಷ್ಟವನ್ನೆಲ್ಲ ಹೇಳಿಕೊಂಡರು, ಮೂಲೆಯ ಮಾತೇ ಬರಲಿಲ್ಲ.

ಕೊಪ್ಪದ ಟೀಚರ್:
ಮೊದಲ ಒಂದೆರಡು ವರ್ಷ ತಿಂಗಳು ಹಿಂದೆಮುಂದೆ ಆಗುವುದು ಮಾಮೂಲು, ಗಾಬರಿ ಬೇಡ. 4ರಿಂದ 6 ಗಂಟೆಗೊಮ್ಮೆ ಪ್ಯಾಡ್ ಬದಲಿಸಲು ಹೇಳಿಕೊಡಿ. ಸರ್ಕಾರಿ ಶಾಲೆಯಾದರೆ ಕೇಳಿ ನೋಡಿ, ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ 'ಶುಚಿ' ಯೋಜನೆ ಇದೆ. ಆರತಿ ಅವಳು ಒಪ್ಪಿದರೆ ಮಾತ್ರ. ಮೈ ಅವಳದು.

ಹಾಸನದ ಅಮ್ಮ:
ತುಂಬಾ ಥ್ಯಾಂಕ್ಸ್ ಅಕ್ಕ, ಟೀಚರ್. ಅತ್ತೆಯವರು ಈಗ ಎಳ್ಳು ಹುರಿಯುತ್ತಿದ್ದಾರೆ. ಮಗಳು ಪಕ್ಕದಲ್ಲೇ ಕೂತಿದ್ದಾಳೆ.